ಕುರಿಗೂ ಹೆಸರಿದೆ

ಕ್ಯಾಂಪ್‌ಬೆಲ್,
ಭಾನುವಾರ, ೯ ಮಾರ್ಚ್ ೨೦೨೫

ಶೀತಲ್‌ಳ ಅವ್ವನಿಗೆ,

ಗಂಡನಾದವನು ಹೆಂಡತಿಗೆ ಕಾಗದದಲ್ಲಿ ಆಶೀರ್ವಾದ ಮಾಡಬೇಕೋ ನಮಸ್ಕಾರ ಮಾಡಬೇಕೋ ಎಂಬುದು ಇತ್ಯರ್ಥವಾಗದ ಕಾರಣ ಎರಡನ್ನೂ ಕಳಿಸುತ್ತಿದ್ದೇನೆ. ನಿನಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಯಂದಿರಿಗೆ ಕೊಟ್ಟುಬಿಡು.

ನೀನು ಡ್ಯಾನ್‌ವಿಲ್‌ಗೆ ಹೋಗಿ ಇವತ್ತಿಗೆ ಎರಡು ವಾರ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಮೊದಲ ವಾರ ಅಂಚೆಚೀಟಿ ಹುಡುಕುವುದರಲ್ಲಿ ಹೋಯಿತು, ಎರಡನೆಯ ವಾರ ಕನ್ನಡಕ ಹುಡುಕುವುದರಲ್ಲಿ. ಕಾಗದವೇ ಏಕೆ, ಫೋನಿಲ್ಲವೇ ಎಂದು ನೀನು ಕೇಳುತ್ತೀ. ಫೋನಿದೆ. ಆದರೆ ನೀನು ಅದನ್ನು ಸ್ಪೀಕರಿಗೆ ಹಾಕಿ, ಉಪ್ಪಿನ ಡಬ್ಬಿಗೆ ಒರಗಿಸಿ, ಪಕ್ಕದಲ್ಲೇ ಒಗ್ಗರಣೆ ಹಾಕುತ್ತೀ. ನನ್ನ ಗಂಭೀರವಾದ ಮಾತುಗಳೆಲ್ಲ ಸಾಸಿವೆಯ ಜೊತೆ ಸಿಡಿದುಹೋಗುತ್ತವೆ. ಮಗಳು, ಅಳಿಯ ಅಜಯ್, ಎಂಟು ತಿಂಗಳ ಮೊಮ್ಮಗ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಅವರಲ್ಲಿ ಮೊಮ್ಮಗನೊಬ್ಬನೇ ನನ್ನ ಪರ.

ಮನೆಯ ಸಮಾಚಾರ: ಇವತ್ತು ಬೆಳಗ್ಗೆ ಈ ದೇಶ ವರ್ಷದ ವಾಡಿಕೆಯಂತೆ ತನ್ನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳಿಕೊಂಡಿತು. ಮೈಕ್ರೋವೇವಿನ ಗಡಿಯಾರವನ್ನು ತಳ್ಳುವ ವಿದ್ಯೆ ನಮ್ಮ ಮನೆಯಲ್ಲಿ ನಿನಗೊಬ್ಬಳಿಗೇ ಗೊತ್ತು. ಹಾಗಾಗಿ ನಡುಮನೆಯಲ್ಲಿ ಒಂದು ಗಂಟೆಯಾದರೆ ಅಡುಗೆಮನೆಯಲ್ಲಿ ಹನ್ನೆರಡು. ಇಪ್ಪತ್ತಾರು ವರ್ಷ ಚಿಪ್ಪುಗಳನ್ನು ಪರೀಕ್ಷೆ ಮಾಡಿ ನಿವೃತ್ತನಾದ ಎಂಜಿನಿಯರು ಒಂದು ಗಂಟೆಯ ಕಾಲ ಎರಡು ಕಾಲಗಳ ನಡುವಿನ ಹೊಸ್ತಿಲ ಮೇಲೆ ತಟ್ಟೆ ಹಿಡಿದು ನಿಂತಿದ್ದ ಎಂದು ಯಾರಿಗೂ ಹೇಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟು ಬಂದಿದೆ. ಸಣ್ಣ ಸಿಟ್ಟಲ್ಲ, ಕಾಗದ ಬರೆಯುವಷ್ಟು ಸಿಟ್ಟು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ ಎಂದು ಬೇಸರಿಸಬೇಡ. ಇದರ ನಕಲನ್ನು ದೂರು ಅರ್ಜಿಯಾಗಿ ಮ್ಯೂಸಿಯಮ್ಮಿಗೂ ಕೊಡುವವನಿದ್ದೇನೆ. ಅರ್ಜಿಯೆಂದ ಮೇಲೆ ಪೂರ್ವಾಪರ ಇರಲೇಬೇಕಲ್ಲ.

ನಿವೃತ್ತನಾದ ಮೊದಲ ತಿಂಗಳು ನಾನು ನಿನ್ನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. "ಮೆಂತ್ಯಕ್ಕ ಚೀಟಿ ಯಾಕ್ರಿ? ಮೂಗಿಲ್ಲೇನು?" ಎಂದು ಕೇಳಿದ ನೀನು, ಮರುದಿನವೇ ನನ್ನನ್ನು ಸ್ಯಾನ್ ಹೊಸೆಯ ಈ ಸಣ್ಣ ಮ್ಯೂಸಿಯಮ್ಮಿಗೆ ಸ್ವಯಂಸೇವಕನಾಗಿ ಅಟ್ಟಿದೆ. ಅಲ್ಲಿ ಈ ವರ್ಷದ ಪ್ರದರ್ಶನ ನಾರ್ಸ್ ಜನರದು. ಸಾವಿರ ವರ್ಷದ ಹಿಂದೆ ಗ್ರೀನ್‌ಲ್ಯಾಂಡಿನ ಕಡೆಯಿಂದ ಹಡಗಿನಲ್ಲಿ ಬಂದು, ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯಲ್ಲಿ ಎಂಟು ಕಟ್ಟಡ ಕಟ್ಟಿ, ಕೆಲವೇ ವರ್ಷ ಇದ್ದು, ಕೆಲಸಕ್ಕೆ ಬರುವುದನ್ನೆಲ್ಲ ಹೊತ್ತುಕೊಂಡು ಹೊರಟುಹೋದ ಜನ. ಉಳಿದದ್ದು ಗೋಡೆಗಳ ಬುಡ, ಒಲೆಯ ಬೂದಿ, ಹಡಗಿನ ಕಬ್ಬಿಣದ ಮೊಳೆ, ಹೊದಿಕೆಗೆ ಸಿಕ್ಕಿಸುವ ಒಂದು ಕಂಚಿನ ಪಿನ್ನು, ಮೂಳೆಯ ಸೂಜಿ, ಅಕ್ರೋಟಿನ ಜಾತಿಯ ಕೆಲವು ಕಾಯಿ, ಮತ್ತೊಂದು ಸಣ್ಣ ಕಲ್ಲಿನ ಬಿಲ್ಲೆ. ಅಸಲೆಲ್ಲ ಕೆನಡಾದಲ್ಲಿವೆ. ನಮ್ಮಲ್ಲಿರುವುದು ನಕಲು. ಹಿತ್ತಲಿನಲ್ಲಿ ಹುಲ್ಲು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಅವರ ಮನೆಯದೂ ಒಂದು ನಕಲು ಕಟ್ಟಿದ್ದಾರೆ. ಅದನ್ನು ನೋಡಿ ನೀನು, "ನಮ್ಮೂರ ಮಣ್ಣಿನ ಮಾಳಗಿ ಮನಿ ಆತಲ್ರೀ, ಬರೇ ಹುಲ್ಲು ಹೆಚ್ಚು" ಎಂದಿದ್ದೆ.

ಆ ಬಿಲ್ಲೆಯ ಎದುರು ನಿಂತು ಬಂದವರಿಗೆ ವಿವರಿಸುವುದು ನನ್ನ ಕೆಲಸ. ಇದು ಬಳಪದ ಕಲ್ಲು. ಒಡೆದ ಪಾತ್ರೆಯ ಚೂರನ್ನು ದುಂಡಗೆ ತೀಡಿ, ನಡುವೆ ತೂತು ಕೊರೆದದ್ದು. ಕದಿರಿಗೆ ಸಿಕ್ಕಿಸಿ ತಿರುಗಿಸಿದರೆ ಉಣ್ಣೆ ನೂಲಾಗುತ್ತದೆ. ಆ ಜನರಲ್ಲಿ ನೂಲುತ್ತಿದ್ದವರು ಹೆಂಗಸರು. ಆದ್ದರಿಂದ ಮಹನೀಯರೇ, ಆ ಹಡಗಿನಲ್ಲಿ ಹೆಂಗಸರೂ ಬಂದಿದ್ದರು! ಇಷ್ಟು ಹೇಳಿ ನಾನು ಒಂದು ಕ್ಷಣ ಕಣ್ಣು ಮುಚ್ಚುತ್ತೇನೆ. ಕೆಲವರು ಚಪ್ಪಾಳೆ ತಟ್ಟುತ್ತಾರೆ.

ಜನವರಿಯ ಆ ಶನಿವಾರ ನೀನು ನನ್ನ ರೊಟ್ಟಿ ಡಬ್ಬಿ ತಂದಾಗ, ನಾರ್ಸ್ ಹೆಂಗಸಿನ ವೇಷದ ಸ್ವಯಂಸೇವಕಿಯೊಬ್ಬಳು ಕದಿರು ತಿರುಗಿಸಲು ಒದ್ದಾಡುತ್ತಿದ್ದಳು. ಎಳೆ ಮಾರುದ್ದ ಆಗುವ ಮೊದಲೇ ತುಂಡಾಗುತ್ತಿತ್ತು. ನೀನು ಡಬ್ಬಿಯನ್ನು ಸಾವಿರ ವರ್ಷದ ಒಲೆಯ ಮೇಲಿಟ್ಟು, ಆಕೆಯ ಕೈಯಿಂದ ಕದಿರು ಇಸಿದುಕೊಂಡೆ. "ಹಂಗಲ್ಲವಾ ತಂಗಿ. ಬಿಲ್ಲಿ ಭಾಳ ಹಗುರ ಆತು. ಏನಿದು, ಪ್ಲಾಸ್ಟಿಕ್ಕೇನು?" ಪ್ಲಾಸ್ಟಿಕ್ಕೇ ಆಗಿತ್ತು. ಯಂತ್ರದಲ್ಲಿ ಅಚ್ಚು ಹೊಡೆದು ಬೂದು ಬಣ್ಣ ಬಳಿದಿದ್ದರು. ನಾಲ್ಕು ಜನ ಪಿಎಚ್‌ಡಿಗಳು ಮೂರು ತಿಂಗಳು ನೋಡಿ ಒಪ್ಪಿಗೆ ಕೊಟ್ಟದ್ದನ್ನು, ರಾಣೆಬೆನ್ನೂರಿನ ಹತ್ತಿರದ ಕಂಬಳಿ ನೇಯುವವರ ಮನೆಯ ಮಗಳು, ಏಳನೆಯ ವಯಸ್ಸಿಗೇ ಕುರಿಯ ಹಿಂದೆ ನಡೆಯುತ್ತ ನೂಲು ತೆಗೆದವಳು, ಒಂದು ಸಲ ಅಂಗೈಯಲ್ಲಿ ತೂಗಿ ತಿರಸ್ಕರಿಸಿಬಿಟ್ಟಳು.

ಮುಂದಿನ ಶನಿವಾರ ನೀನು ಬಂದದ್ದು ನಿನ್ನದೇ ಬಿಲ್ಲೆಯೊಡನೆ. ನಿನ್ನ ಅವ್ವನಿಂದ ಬಂದ ಬಳಪದ ಕಲ್ಲಿನ ಬೋಗುಣಿಯನ್ನು ಹೋದ ದೀಪಾವಳಿಯಲ್ಲಿ ನಾನು ಒಡೆದಿದ್ದೆನಲ್ಲ (ಅದು ತಾನಾಗಿಯೇ ಜಾರಿತು ಎಂಬ ನನ್ನ ಹೇಳಿಕೆಗೆ ಈಗಲೂ ಬದ್ಧನಾಗಿದ್ದೇನೆ), ಅದರ ಚೂರನ್ನು ನೀನೇ ಹಿತ್ತಲ ಸಿಮೆಂಟಿಗೆ ಉಜ್ಜಿ ದುಂಡಗೆ ಮಾಡಿ, ನನ್ನ ಡ್ರಿಲ್ಲಿನಿಂದ ತೂತು ಕೊರೆದಿದ್ದೆ. ಮ್ಯೂಸಿಯಮ್ಮಿನ ಮುಖ್ಯಸ್ಥೆ ಅದನ್ನು ಕೈಯಲ್ಲಿ ಹಿಡಿದು ನೋಡಿ, ಪ್ಲಾಸ್ಟಿಕ್ಕಿನದನ್ನು ಎತ್ತಿ ಡ್ರಾಯರಿಗೆ ಹಾಕಿದರು. ಆಮೇಲೆ ನಾಲ್ಕು ಶನಿವಾರ ನೀನು ಆ ಮಣ್ಣಿನ ಮನೆಯ ಬಾಗಿಲಲ್ಲಿ ನಿಂತು ನೂಲು ತೆಗೆದೆ. ಮಕ್ಕಳು ಸಾಲುಗಟ್ಟಿ ಕೂತರು. ನನ್ನ ಚಪ್ಪಾಳೆಗಳೆಲ್ಲ ನಿನ್ನ ಕಡೆ ಹೋದವು. ನಾನು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ.

ಪ್ರದರ್ಶನ ಜನವರಿಯಿಂದಲೇ ತೆರೆದಿದ್ದರೂ, ಫಲಕಗಳನ್ನೆಲ್ಲ ಹಾಕಿ ವಿಧಿವತ್ತಾಗಿ ಉದ್ಘಾಟನೆ ಮಾಡಿದ್ದು ಫೆಬ್ರವರಿ ಇಪ್ಪತ್ತೆರಡಕ್ಕೆ. ನೀನು ಇಳಕಲ್ ಸೀರೆ ಉಟ್ಟಿದ್ದೆ. ಬಾಗಿಲ ಬಳಿಯ ಮೊದಲ ಫಲಕದ ಎದುರು ನಿಂತು ನಿಧಾನವಾಗಿ ಓದಿದೆ: ಆ ಜಾಗವನ್ನು ಹುಡುಕಿದವರು ನಾರ್ವೆಯ ಗಂಡಹೆಂಡತಿ, ಗಂಡ ಊರೂರು ಅಲೆದು ಪತ್ತೆ ಮಾಡಿದ, ಹೆಂಡತಿ ವರ್ಷಗಟ್ಟಲೆ ನಿಂತು ಅಗೆಸಿದಳು. "ಇಬ್ರ ಹೆಸರೂ ಬರದಾರ ನೋಡ್ರಿ" ಎಂದೆ. ನಾನು ಪಾರ್ಕಿಂಗಿನ ಚಿಂತೆಯಲ್ಲಿ "ಹ್ಞೂಂ ಹ್ಞೂಂ, ಮುಂದ ನಡಿ" ಎಂದೆ. ಮುಂದೆ ನಿನ್ನ ನೂಲಿನ ಗಾಜಿನ ಪೆಟ್ಟಿಗೆ. ಅದರ ಪಕ್ಕದ ಫಲಕದಲ್ಲಿ ಏನಿತ್ತೆಂದು ಅರ್ಜಿಯ ಸಲುವಾಗಿ ಇಲ್ಲಿ ದಾಖಲಿಸುತ್ತಿದ್ದೇನೆ:

ಉಣ್ಣೆ: ಡೈಸಿ, ಆರು ವರ್ಷದ ಕುರಿ.
ನೂಲು ಮತ್ತು ಬಿಲ್ಲೆ: ಸ್ವಯಂಸೇವಕ ಸಿದ್ಧಾರೂಢ ಅವರ ಪತ್ನಿ.

ಕುರಿಗೆ ಹೆಸರಿದೆ! ವಯಸ್ಸೂ ಇದೆ! ಆ ಒಣಗಿದ ಕಾಯಿಗಳಿಗೆ ಲ್ಯಾಟಿನ್ ಹೆಸರಿದೆ, ಅದೂ ವಾಲಿದ ಅಕ್ಷರದಲ್ಲಿ. ಮೊಳೆಗಳಿಗೆ ಒಂದೊಂದಕ್ಕೂ ನಂಬರಿದೆ. ಹೆಂಟೆ ಪೇರಿಸಿದ ಕಂಟ್ರಾಕ್ಟರನಿಗೆ ಫೋಟೋ ಇದೆ. ಸಾವಿರ ವರ್ಷದ ಹಿಂದೆ ನೂಲಿದವಳ ಹೆಸರು ಸಿಗಲಿಲ್ಲವೆಂದು ಆ ಫಲಕದಲ್ಲೇ ಮೇಲುಗಡೆ ನಾಲ್ಕು ಸಾಲು ಶೋಕ ವ್ಯಕ್ತಪಡಿಸಿದವರಿಗೆ, ಎದುರಿಗೆ ಸೀರೆ ಉಟ್ಟು ನಿಂತವಳ ಹೆಸರು ಸಿಗಲಿಲ್ಲವೇ?

ನೀನು ಓದಿದೆ. "ಊಟದ ಹೊತ್ತಾತು, ನಡೀರಿ" ಎಂದೆ. ಅಷ್ಟೇ. ಮಗಳ ರಜೆ ಮುಗಿದ ಮೇಲೆ, ಡೇಕೇರಿನಲ್ಲಿ ಜಾಗ ಸಿಗುವ ತನಕ, ಮಾರ್ಚ್ ಹತ್ತರಿಂದ ಮೊಮ್ಮಗನನ್ನು ನೋಡಿಕೊಳ್ಳಲು ಹೋಗುವವಳಿದ್ದೆ. ಮರುದಿನ ಬೆಳಗ್ಗೆಯೇ ಹೊರಟೆ. ಕದಿರನ್ನು ಫ್ರಿಜ್ಜಿನ ಮೇಲೆ ಬಿಟ್ಟುಹೋದೆ. ಶನಿವಾರಕ್ಕೆ ಬನ್ನಿ ಎಂದು ಫೋನ್ ಮಾಡಿದ ಮ್ಯೂಸಿಯಮ್ಮಿನ ಹರ್ಷಿತಾಗೆ "ಇನ್ನ ಬರೂದಿಲ್ಲವಾ" ಎಂದು ಹೇಳಿದೆಯಂತೆ.

ಈ ಹರ್ಷಿತಾ ನಮ್ಮ ಮಂಡ್ಯದವರ ಮಗಳು, ಹುಟ್ಟಿದ್ದು ಇಲ್ಲೇ, ಸ್ವಯಂಸೇವಕರ ಉಸ್ತುವಾರಿ ಅವಳದು. ನಿನ್ನೆ ನಾನು ಅವಳ ಮೇಜಿನ ಎದುರು ನಿಂತು ಇಪ್ಪತ್ತು ನಿಮಿಷ ಮಾತಾಡಿದೆ. ಸ್ತ್ರೀಕುಲದ ಪರವಾಗಿ ಮಾತಾಡಿದೆ. ಕುರಿಯ ಪ್ರಸ್ತಾಪವನ್ನು ಮೂರು ಸಲ ಎತ್ತಿದೆ.

"ಅಂಕಲ್, ಆ್ಯಕ್ಚುಲಿ, ಒಂದು ವಿಷಯ..." ಎಂದಳು.

"ವಿಷಯ ಆಮೇಲೆ. ಮೊದಲು ಫಲಕ ತೆಗೀರಿ."

"ಫಲಕ ಅಂದ್ರೆ?"

"ಬೋರ್ಡು!"

"ಓಕೆ ಅಂಕಲ್. ಮುಂದಿನ ಶನಿವಾರ ಫೈಲ್ ತೆಗೆದಿಟ್ಟಿರ್ತೀನಿ. ಪ್ಲೀಸ್ ನೀರು ಕುಡೀರಿ."

ನಾನು ನೀರು ಕುಡಿಯಲಿಲ್ಲ. ತತ್ವಕ್ಕಾಗಿ ಬಾಯಾರಿಕೊಂಡೇ ಬಂದೆ. ನೀನು ಒಂದು ಮಾತೂ ಆಡದೆ ನುಂಗಿಕೊಂಡ ಅವಮಾನಕ್ಕೆ ನಾನು ಬಾಯಿಯಾಗುತ್ತೇನೆ. ಆ ಫಲಕ ಬದಲಾಗಿ, ನೀನು ಕದಿರು ಹಿಡಿದು ಮತ್ತೆ ಆ ಬಾಗಿಲಲ್ಲಿ ನಿಲ್ಲುವವರೆಗೆ ಈ ಸಿದ್ಧಾರೂಢ ಸುಮ್ಮನಿರುವವನಲ್ಲ.

ಮೊಮ್ಮಗನಿಗೆ ಮುದ್ದು. ಅಜಯ್‌ಗೆ ಈ ಕಾಗದದ ಮೊದಲ ಭಾಗ ಮಾತ್ರ ಓದಿಸು.

ನಿನ್ನ,
ಶೀತಲ್‌ಳ ಅಪ್ಪ

ತಾ.ಕ.: ಮೈಕ್ರೋವೇವಿನದು ಯಾವ ಗುಂಡಿ?

*

ಕ್ಯಾಂಪ್‌ಬೆಲ್,
ಶನಿವಾರ ಮಧ್ಯಾಹ್ನ, ೧೫ ಮಾರ್ಚ್ ೨೦೨೫

ಶೀತಲ್‌ಳ ಅವ್ವನಿಗೆ,

ನಾಲ್ಕು ಹಾಳೆಯ ನನ್ನ ಕಾಗದಕ್ಕೆ ಮಗಳ ಫೋನಿನಿಂದ ನೀನು ಕಳಿಸಿದ ಉತ್ತರ ತಲುಪಿತು. "ಎಡಗಡೆ ಕೆಳಗಿನ ಗುಂಡಿ ಒತ್ತಿ ಹಿಡೀರಿ." ಒತ್ತಿ ಹಿಡಿದೆ. ಅಡುಗೆಮನೆ ಈಗ ವರ್ತಮಾನಕ್ಕೆ ಬಂದಿದೆ. ಫಲಕದ ಬಗ್ಗೆ, ಕುರಿಯ ಬಗ್ಗೆ, ನನ್ನ ಬಾಯಾರಿಕೆಯ ಬಗ್ಗೆ ಒಂದಕ್ಷರವಿಲ್ಲ. ನಿನ್ನ ಪರವಾಗಿ ಯುದ್ಧಕ್ಕೆ ಹೊರಟವನಿಗೆ ನೀನು ಗುಂಡಿಯ ವಿಳಾಸ ಕಳಿಸುತ್ತೀ. ಇರಲಿ.

ಇವತ್ತು ಬೆಳಗ್ಗೆ ಹತ್ತಕ್ಕೇ ಹೋದೆ. ಅರ್ಜಿಯ ಎರಡು ಪ್ರತಿ, ಇಸ್ತ್ರಿ ಮಾಡಿದ ಅಂಗಿ. ಬಿಲ್ಲೆಯ ಎದುರು ಶಾಲೆಯ ಮಕ್ಕಳ ದಂಡೊಂದು ಕೂತಿತ್ತು. ಸಣ್ಣ ಹುಡುಗಿಯೊಬ್ಬಳು ಕೈ ಎತ್ತಿ, ನೂಲು ತೆಗೆಯುವ ಅಜ್ಜಿ ಎಲ್ಲಿ ಎಂದು ಕೇಳಿದಳು. ವೇಷದ ಸ್ವಯಂಸೇವಕಿ ಮತ್ತೆ ಎಳೆ ತುಂಡು ಮಾಡಿಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಆ ಅಜ್ಜಿಯ ಹೆಸರನ್ನು ಈ ಸಂಸ್ಥೆ ಬರೆಯಲಿಲ್ಲ ಮಕ್ಕಳೇ, ಅದಕ್ಕೇ ಆಕೆ ಬರುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಗುಡುಗಿದೆ. ಮಕ್ಕಳು "ಓ" ಎಂದರು. ಅವರ ಟೀಚರು ನನ್ನನ್ನೂ ಪ್ರದರ್ಶನದ ಭಾಗವೆಂದು ತಿಳಿದು ಫೋಟೋ ತೆಗೆದರು. ಮುಖ್ಯಸ್ಥೆ ಕೋಣೆಯಿಂದ ಓಡಿ ಬಂದರು, ಹಿಂದೆಯೇ ಕೈಯಲ್ಲಿ ಫೈಲು ಹಿಡಿದ ಹರ್ಷಿತಾ.

ಮುಖ್ಯಸ್ಥೆ ಕ್ಷಮೆ ಕೇಳಿದರು. ಕೇಳಿಯೇಬಿಟ್ಟರು! ಫಲಕವನ್ನು ಹೊಸದಾಗಿ ಅಚ್ಚು ಹಾಕಿಸುತ್ತೇವೆ, ಬುಧವಾರವೇ ಬದಲಾಯಿಸುತ್ತೇವೆ ಎಂದರು. ನಾನು ಇನ್ನೂ ಒಂದೂವರೆ ಹಾಳೆ ಅರ್ಜಿ ಓದುವುದು ಬಾಕಿ ಇತ್ತು. ಇಷ್ಟು ಸುಲಭವಾಗಿ ಗೆದ್ದರೆ ತಯಾರಿಯೆಲ್ಲ ದಂಡ ಎನ್ನಿಸಿತು. ಆಗ ಹರ್ಷಿತಾ ಪೆನ್ನು ತೆಗೆದು ಕೇಳಿದಳು:

"ಸೋ, ಅಂಕಲ್, ಆಂಟಿ ಹೆಸರೇನು? ಹೇಳಿ, ಬರ್ಕೋತೀನಿ."

ನಾನು ಬಾಯಿ ತೆರೆದೆ.

ನೀನು ನಂಬುತ್ತೀಯೋ ಇಲ್ಲವೋ, ಬಾಯಿ ತೆರೆದಂತೆಯೇ ಇತ್ತು, ಹೆಸರು ಬರಲಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಬರೆದಿದ್ದೇನೆ, ಅದು ಸರ್ಕಾರಕ್ಕೆ. ಬಾಯಿಂದ ಹೇಳಿದ್ದಿಲ್ಲ. ಮೂವತ್ತೊಂಬತ್ತು ವರ್ಷ "ಏನ", "ಇಲ್ನೋಡ", "ಶೀತಲ್‌ಳ ಅವ್ವ". ಹೊರಗಿನವರ ಮುಂದೆ "ನಮ್ಮಾಕಿ".

"ಶೀತಲ್ಸ್ ಮದರ್" ಎಂದೆ.

"ಅದು ಶೀತಲ್ ಹೆಸರು, ಅಂಕಲ್."

"ನಮ್ಮನೆಯವರು..."

"ಅಂಕಲ್, ಸೀರಿಯಸ್ಲಿ? ನಿಮ್ಗೆ ಗೊತ್ತಿಲ್ವಾ?"

ಮಕ್ಕಳು ನೋಡುತ್ತಿದ್ದರು. ಆ ಸಣ್ಣ ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ರಾಣೆಬೆನ್ನೂರಿನ ಕಡೆಯ ನಿಮ್ಮ ಮನೆಯ ಹೊಸ್ತಿಲು ನೆನಪಾಯಿತು. ಮದುವೆಯ ಮರುದಿನ ನಿನ್ನ ಅತ್ತಿಗೆಯರು ಬಾಗಿಲು ಅಡ್ಡಗಟ್ಟಿ, ಒಡಪು ಹಾಕಿ ಒಬ್ಬರೊಬ್ಬರ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಿದ್ದರು. ನೀನು ತಲೆ ಬಗ್ಗಿಸಿಕೊಂಡೇ, ಬೆಳ್ಳಿ ತಟ್ಟೆ, ಬಾಳೆಹಣ್ಣು ಎಂದೇನೋ ಎರಡು ಸಾಲು ಕಟ್ಟಿ, ಅದರೊಳಗೆ ಸಿದ್ಧಾರೂಢ ಎಂದು ನನ್ನ ಹೆಸರನ್ನು ಘಂಟೆ ಹೊಡೆದ ಹಾಗೆ ಹೇಳಿಬಿಟ್ಟೆ. ನನ್ನ ಸರದಿ ಬಂತು. ನಾನು ಕೈ ತೊಳೆದು ಬರುತ್ತೇನೆಂದು ಹೋಗಿ ಹಿತ್ತಲ ಬಾಗಿಲಿನಿಂದ ಪಾರಾದೆ. ಎಲ್ಲರೂ ನಕ್ಕರು. ನೀನೂ ನಕ್ಕೆ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ.

ಇವತ್ತೂ ಅದನ್ನೇ ಮಾಡಿದೆ. ಬರೆದು ತರುತ್ತೇನೆ ಎಂದು ಹೇಳಿ, ಆ ಮಣ್ಣಿನ ಮನೆಯ ಪಕ್ಕದ ಗೇಟಿನಿಂದ ಹೊರಬಿದ್ದು, ಕಾರಿನಲ್ಲಿ ಕೂತೆ. ಮಂಗಳವಾರದೊಳಗೆ ಹೆಸರು ಕೊಡದಿದ್ದರೆ ಅಚ್ಚಿಗೆ ಹೋಗುವುದಿಲ್ಲವಂತೆ.

ಮೊಮ್ಮಗ ಕೂರಲು ಕಲಿತನಂತೆ, ಅವನಿಗೆ ನೂರು ಕಾಲ ಬಾಳೆಂದು ಹೇಳು. ಮಗಳು ಹೊತ್ತಿಗೆ ಸರಿಯಾಗಿ ಊಟ ಮಾಡಲಿ. ಅಜಯ್ ಒಳ್ಳೆಯ ಹುಡುಗ, ಅವನ ಬಾಯಲ್ಲಿ ಶೀತಲ್ ಎಂಬ ಹೆಸರು ದಿನಕ್ಕೆ ಐವತ್ತು ಸಲ ಬರುವುದನ್ನು ನಾನು ಗೇಲಿ ಮಾಡುತ್ತಿದ್ದೆ. ಇನ್ನು ಮಾಡುವುದಿಲ್ಲ. ನಿನ್ನ ಕೈಗಳು ಸುಖವಾಗಿರಲಿ.

ನಿನ್ನ,
ಸಿದ್ಧಾರೂಢ

ತಾ.ಕ.: ಹರ್ಷಿತಾ ತಂದಿದ್ದ ಆ ಫೈಲಿನ ವಿಷಯ ಮೇಲೆ ಬರೆಯದೆ ಬಿಟ್ಟೆ. ನಾನು ಗೇಟು ದಾಟುವಾಗ ಅವಳು ಹಿಂದೆಯೇ ಬಂದು, ಮಕ್ಕಳಿಗೆ ಕೇಳಿಸದ ಹಾಗೆ, "ಅಂಕಲ್, ಇದನ್ನ ನೋಡಿಬಿಡಿ" ಎಂದು ಒಂದು ಹಾಳೆ ತೋರಿಸಿದಳು. ವಸ್ತು ಕೊಟ್ಟವರು ತುಂಬುವ ಫಾರಂ. ಮಾಡಿದವರ ಹೆಸರು ಎಂದು ಕೇಳಿದ್ದಾರೆ, ಪಕ್ಕದಲ್ಲಿ ಉದ್ದಕ್ಕೂ ಜಾಗ ಬಿಟ್ಟಿದ್ದಾರೆ. ಅಲ್ಲಿ 'ಸ್ವಯಂಸೇವಕ ಸಿದ್ಧಾರೂಢ ಅವರ ಪತ್ನಿ' ಎಂದಿದೆ. ಉಣ್ಣೆ ಕೊಟ್ಟವನು ತನ್ನ ಫಾರಂನಲ್ಲಿ ಕುರಿಯ ಹೆಸರು ಬರೆದಿದ್ದಾನೆ, ಅಷ್ಟೇ ವ್ಯತ್ಯಾಸ. ಅಕ್ಷರ ನನ್ನದು. ಡಬ್ಬಿಗಳಿಗೆಲ್ಲ ಚೀಟಿ ಬರೆದ ಅದೇ ದುಂಡಗಿನ ಅಕ್ಷರ. ಅದನ್ನು ಬರೆದ ಗಳಿಗೆ ನನಗೆ ನೆನಪೇ ಇರಲಿಲ್ಲ. ಶಾಯಿಯ ಬಣ್ಣ ನೋಡಿ ನೆನಪಾಯಿತು. ನನ್ನ ಪೆನ್ನು ನಿಂತುಹೋಗಿ, ಪಕ್ಕದಲ್ಲಿ ನಿಂತಿದ್ದ ನೀನು ನಿನ್ನ ಚೀಲದಿಂದ ಹಸಿರು ಪೆನ್ನು ತೆಗೆದು ಕೊಟ್ಟಿದ್ದೆ. ನಾನು ಬರೆಯುವುದನ್ನು ನೀನು ನೋಡುತ್ತ ನಿಂತಿದ್ದೆ. ಅಂದರೆ ಉದ್ಘಾಟನೆಯ ದಿನ ನೀನು ಓದಿದ್ದು ಹೊಸ ಸುದ್ದಿಯಲ್ಲ. ಆ ಫಲಕದ ಎದುರು ನೀನು ಕಾದದ್ದು ಮ್ಯೂಸಿಯಮ್ಮಿನ ಬಾಯಿಗಲ್ಲ.

ಹರ್ಷಿತಾಗೆ ಮಂಗಳವಾರ ನಾನೇ ಹೋಗಿ, ಬಾಯಿಂದಲೇ ಹೇಳುತ್ತೇನೆ. ಕಾರಿನಲ್ಲಿ ಗಾಜು ಏರಿಸಿಕೊಂಡು ಅಭ್ಯಾಸ ಮಾಡಿದ್ದೇನೆ, ಪಕ್ಕದ ಕಾರಿನವನು ಗಾಬರಿಯಾದ. ಅದಕ್ಕಿಂತ ಮೊದಲು ನಿನಗೆ ಸಲ್ಲಬೇಕಾದದ್ದು ಇದು. ಮೂವತ್ತೊಂಬತ್ತು ವರ್ಷ ತಡವಾಯಿತು:

ಕಡಲ ದಂಡ್ಯಾಗ ಸಿಕ್ಕೈತಿ ಬಳಪದ ಕಲ್ಲಿನ ಬಿಲ್ಲಿ,
ನೂಲು ತಗದಾಕಿ ನೀಲಾಬಾಯಿ, ಹೆಸರು ನುಂಗಿದಾಂವ ಇಲ್ಲಿ.

ನೀನು ಯಾವಾಗ ಬಂದರೂ ಹೊಸ್ತಿಲಲ್ಲಿ ನಿಂತು ಇದನ್ನು ಜೋರಾಗಿ ಹೇಳಿಸು. ಹಿತ್ತಲ ಬಾಗಿಲಿಗೆ ನಾನೇ ಚಿಲಕ ಹಾಕಿದ್ದೇನೆ.